ಸವೆಯುವ ಬಿಡಿಭಾಗ, ಉಳಿಯಬೇಕಾದ ವ್ಯವಸ್ಥೆ: ತುಂಗಭದ್ರೆಯ 19ನೇ ಗೇಟ್ ಹೇಳುವ ಪಾಠ

2024ರ ಆಗಸ್ಟ್ 10ರ ರಾತ್ರಿ ಸುಮಾರು 11 ಗಂಟೆಗೆ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟಿನ ಸರಪಳಿ ತುಂಡಾಯಿತು. 60 ಅಡಿ ಅಗಲ, 20 ಅಡಿ ಎತ್ತರದ ಉಕ್ಕಿನ ಗೇಟು ನೀರಿನ ರಭಸಕ್ಕೆ ಕೊಚ್ಚಿಹೋಯಿತು. 1953ರಲ್ಲಿ ಪೂರ್ಣಗೊಂಡ ಅಣೆಕಟ್ಟೆಯ ಕಲ್ಲಿನ ಗೋಡೆಗೆ ಏನೂ ಆಗಿರಲಿಲ್ಲ. ಉಳಿದ 32 ಗೇಟುಗಳೂ ತಮ್ಮ ಜಾಗದಲ್ಲಿಯೇ ಇದ್ದವು. ಆದರೂ ಅಂದು ರಾತ್ರಿ ಇಡೀ ಅಣೆಕಟ್ಟೆ ತನ್ನ ಮುಖ್ಯ ಕೆಲಸವನ್ನು, ಅಂದರೆ ನೀರನ್ನು ಹಿಡಿದಿಡುವುದನ್ನು, ನಿಲ್ಲಿಸಬೇಕಾಯಿತು. ಒಂದೇ ಕಡೆ ಬೀಳುತ್ತಿದ್ದ ಒತ್ತಡವನ್ನು ತಗ್ಗಿಸಲು ಎಲ್ಲ ಗೇಟುಗಳನ್ನೂ ತೆರೆದು ನದಿಗೆ ನೀರು ಬಿಡಲಾಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳ ರೈತರು ಬೆಳೆಗೆಂದು ನೆಚ್ಚಿಕೊಂಡಿದ್ದ ನೀರು ಕಣ್ಣೆದುರೇ ಹರಿದುಹೋಯಿತು.

ಇದು ಒಂದು ಅಣೆಕಟ್ಟೆಯ ಕಥೆ ಮಾತ್ರವಲ್ಲ. ದಿನವೂ ಬಳಸುವ ಲಿಫ್ಟು, ಬಸ್ಸು, ಸೇತುವೆ, ನೀರಿನ ಪಂಪು, ವಿಮಾನ ಇವೆಲ್ಲವೂ ಕಾಲಕ್ರಮದಲ್ಲಿ ಸವೆಯುವ ಭಾಗಗಳಿಂದಲೇ ಆಗಿವೆ. ಸವೆಯದ ಭಾಗವನ್ನು ಯಾರೂ ತಯಾರಿಸಲಾರರು. ಹಾಗಿರುವಾಗ ಅಂಥ ಭಾಗಗಳಿಂದ ದಶಕಗಳ ಕಾಲ ಭರವಸೆ ಇಡಬಹುದಾದ ವ್ಯವಸ್ಥೆಯನ್ನು, ಅದೂ ಕೈಗೆಟಕುವ ಖರ್ಚಿನಲ್ಲಿ, ಕಟ್ಟುವುದು ಹೇಗೆ? ಎಂಜಿನಿಯರಿಂಗ್‌ನಲ್ಲಿ ‘ವಿಶ್ವಾಸಾರ್ಹತೆಯ ಶಾಸ್ತ್ರ’ ಎಂದು ಕರೆಯಲಾಗುವ ವಿಭಾಗ ಉತ್ತರಿಸಲು ಯತ್ನಿಸುವುದು ಇದೇ ಪ್ರಶ್ನೆಯನ್ನು.

ಅಣೆಕಟ್ಟೆಯಲ್ಲಿ ಸವೆಯುವುದೇನು?

ಅಣೆಕಟ್ಟೆಯೆಂದರೆ ಕಲ್ಲು, ಗಾರೆ, ಕಾಂಕ್ರೀಟು ಎಂಬ ಭಾವನೆ ಸಾಮಾನ್ಯ. ಆದರೆ ಕ್ರಸ್ಟ್‌ಗೇಟ್ ಇರುವ ಅಣೆಕಟ್ಟೆ ಅರ್ಧ ಕಟ್ಟಡ, ಇನ್ನರ್ಧ ಯಂತ್ರ. ಗೋಡೆಯ ನೆತ್ತಿಯ ಮೇಲೆ ಸಾಲಾಗಿ ನಿಂತ ಗೇಟುಗಳನ್ನು ಸರಪಳಿ ಅಥವಾ ಉಕ್ಕಿನ ಹಗ್ಗದ ನೆರವಿನಿಂದ ಮೇಲೆತ್ತಲಾಗುತ್ತದೆ. ಗೇಟಿನ ಭಾರವನ್ನು ಸರಿದೂಗಿಸಲು ಇನ್ನೊಂದು ತುದಿಯಲ್ಲಿ ಪ್ರತಿಭಾರ ಇರುತ್ತದೆ. ಇವುಗಳ ಜೊತೆಗೆ ಚಕ್ರ, ಬೇರಿಂಗ್, ಪಿನ್ನು, ಗೇರು, ಮೋಟಾರು, ನೀರು ಸೋರದಂತೆ ತಡೆಯುವ ರಬ್ಬರ್ ಪಟ್ಟಿ ಎಲ್ಲವೂ ಸೇರಿ ಒಂದು ಗೇಟು ಆಗುತ್ತದೆ.

ಕಲ್ಲಿನ ಗೋಡೆ ನೂರು ವರ್ಷ ನಿಲ್ಲಬಲ್ಲದು. ರಬ್ಬರ್ ಪಟ್ಟಿ ಕೆಲವೇ ವರ್ಷಗಳಲ್ಲಿ ಒಡೆಯುತ್ತದೆ. ಬಣ್ಣ ಹೋದ ಕಡೆ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಸರಪಳಿಯ ಕೊಂಡಿಗಳು ಪಿನ್ನುಗಳ ಸುತ್ತ ಉಜ್ಜಿ ಸವೆಯುತ್ತವೆ. ಪ್ರತಿ ಬಾರಿ ಗೇಟು ಏರಿ ಇಳಿದಾಗಲೂ ಲೋಹದೊಳಗೆ ಸೂಕ್ಷ್ಮ ಬಿರುಕು ಕೂದಲೆಳೆಯಷ್ಟು ಮುಂದುವರಿಯಬಹುದು. ಜಲಾಶಯವೂ ಒಂದರ್ಥದಲ್ಲಿ ಸವೆಯುತ್ತದೆ: 133 ಟಿಎಂಸಿ ಅಡಿ ನೀರು ಹಿಡಿಯುವಂತೆ ಕಟ್ಟಿದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ಒಂದೇ ಕಟ್ಟಡದಲ್ಲಿ ಹೀಗೆ ಹತ್ತಾರು ಬಗೆಯ ಆಯುಷ್ಯಗಳಿರುತ್ತವೆ. ವಿನ್ಯಾಸಕಾರನ ಮೊದಲ ಕೆಲಸ ಯಾವ ಭಾಗದ ಆಯುಷ್ಯ ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು.

ಹಳ್ಳಿಯ ಬಡಗಿಗೆ ಈ ವಿವೇಕ ಹೊಸದಲ್ಲ. ಎತ್ತಿನ ಗಾಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿ ಹೊಡೆಯುವುದು, ಅಚ್ಚಿಗೆ ಕೀಲೆಣ್ಣೆ ಹಚ್ಚುವುದು, ಸುಲಭವಾಗಿ ತೆಗೆದು ಹಾಕಬಹುದಾದ ಕಡಾಣಿ ಇಡುವುದು ಇವೆಲ್ಲದರ ಹಿಂದೆ ಇರುವುದು ಒಂದೇ ಲೆಕ್ಕ. ಸವೆಯಲೇಬೇಕಾದ ಕಡೆ ಅಗ್ಗದ, ಬದಲಾಯಿಸಬಹುದಾದ ಭಾಗ ಸವೆಯಲಿ. ದುಬಾರಿಯಾದ ಗಾಲಿ, ಅಚ್ಚು ಉಳಿಯಲಿ.

ಸರಪಳಿಯ ಗಣಿತ

ಒಂದು ಕೊಂಡಿ ತುಂಡಾದರೆ ಇಡೀ ಸರಪಳಿ ತುಂಡಾದಂತೆ. ಇಂಥ ವ್ಯವಸ್ಥೆಯನ್ನು ಸರಣಿ ಜೋಡಣೆ ಎನ್ನುತ್ತಾರೆ. ಇಲ್ಲಿ ಒಟ್ಟು ವಿಶ್ವಾಸಾರ್ಹತೆ ಎಂದರೆ ಪ್ರತಿಯೊಂದು ಭಾಗದ ವಿಶ್ವಾಸಾರ್ಹತೆಯ ಗುಣಲಬ್ಧ. ಒಂದು ಕೊಂಡಿ ಒಂದು ವರ್ಷ ಮುರಿಯದೆ ಉಳಿಯುವ ಸಾಧ್ಯತೆ ಶೇ 99.9 ಎಂದು ಇಟ್ಟುಕೊಳ್ಳೋಣ. ಕೇಳಲು ಇದು ಬಹಳ ಒಳ್ಳೆಯ ಅಂಕಿ. ಆದರೆ ಅಂಥ 100 ಕೊಂಡಿಗಳ ಸರಪಳಿ ಒಂದು ವರ್ಷ ಉಳಿಯುವ ಸಾಧ್ಯತೆ ಸುಮಾರು ಶೇ 90.5 ಮಾತ್ರ. ಇಡೀ ಸರಪಳಿಗೆ ಶೇ 99.9ರ ಭರವಸೆ ಬೇಕಿದ್ದರೆ ಪ್ರತಿ ಕೊಂಡಿಗೂ ಶೇ 99.999ರಷ್ಟು ಭರವಸೆ ಇರಬೇಕು.

ಇದೇ ಲೆಕ್ಕವನ್ನು 33 ಗೇಟುಗಳ ಸಾಲಿಗೆ ಅನ್ವಯಿಸಬಹುದು. ಪ್ರತಿ ಗೇಟೂ ಒಂದು ವರ್ಷದಲ್ಲಿ ಕೈಕೊಡದಿರುವ ಸಾಧ್ಯತೆ ಶೇ 99.9 ಇದೆಯೆಂದು ಕಲ್ಪಿಸಿದರೆ, 33 ಗೇಟುಗಳಲ್ಲಿ ಒಂದಾದರೂ ಆ ವರ್ಷ ಕೈಕೊಡುವ ಸಾಧ್ಯತೆ ಶೇ 3ರಷ್ಟು. ಮೂವತ್ತು ವರ್ಷಗಳ ಅವಧಿಗೆ ನೋಡಿದರೆ ಅದು ಸುಮಾರು ಶೇ 63ಕ್ಕೆ ಏರುತ್ತದೆ. ಇವು ವಿವರಣೆಗಾಗಿ ಇಟ್ಟುಕೊಂಡ ಅಂಕಿಗಳೇ ಹೊರತು ಯಾವುದೇ ಅಣೆಕಟ್ಟೆಯ ಅಳತೆಗಳಲ್ಲ. ಆದರೆ ಅವು ಹೇಳುವ ಮಾತು ನಿಜ: ಒಂದೊಂದು ಭಾಗ ಅಪರೂಪಕ್ಕೆ ಕೆಡುವಂಥದ್ದಾದರೂ, ಭಾಗಗಳು ಹೆಚ್ಚಾದಂತೆ ಮತ್ತು ವರ್ಷಗಳು ಉರುಳಿದಂತೆ ‘ಎಂದಾದರೂ ಎಲ್ಲಾದರೂ’ ಒಂದು ಕೆಡುವುದು ಹೆಚ್ಚು ಕಡಿಮೆ ಖಚಿತ. ಆದ್ದರಿಂದ ಜಾಣ ವಿನ್ಯಾಸ ‘ಕೆಡದಿರಲಿ’ ಎಂದು ಮಾತ್ರ ಹಾರೈಸುವುದಿಲ್ಲ. ‘ಕೆಟ್ಟರೆ ಮುಂದೇನು’ ಎಂಬುದಕ್ಕೂ ಉತ್ತರ ಸಿದ್ಧವಾಗಿಟ್ಟುಕೊಳ್ಳುತ್ತದೆ.

ಲೋಹಕ್ಕೂ ದಣಿವಿದೆ

ಬಲವಾದ ಲೋಹ ಯಾಕೆ ಮುರಿಯುತ್ತದೆ ಎಂಬ ಪ್ರಶ್ನೆ ಗಂಭೀರವಾಗಿ ಎದ್ದುದು ರೈಲು ಬಂದ ಮೇಲೆ. 1842ರ ಮೇ ತಿಂಗಳಿನಲ್ಲಿ ಫ್ರಾನ್ಸಿನ ವರ್ಸೈಲ್ಸ್‌ನಿಂದ ಪ್ಯಾರಿಸ್‌ಗೆ ಹೊರಟಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಬೆಂಕಿ ಹತ್ತಿ 50ಕ್ಕೂ ಹೆಚ್ಚು ಮಂದಿ ಸತ್ತರು. ಆ ಬಳಿಕ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 1850 ಮತ್ತು 60ರ ದಶಕಗಳಲ್ಲಿ ರೈಲಿನ ಅಚ್ಚುಗಳ ಮೇಲೆ ದೀರ್ಘ ಪ್ರಯೋಗ ನಡೆಸಿದರು. ಒಂದೇ ಬಾರಿಗೆ ಹೇರಿದರೆ ಅಚ್ಚು ಸುಲಭವಾಗಿ ತಾಳಿಕೊಳ್ಳುವ ಹೊರೆಯನ್ನೇ ಲಕ್ಷಾಂತರ ಬಾರಿ ಹೇರಿ ಇಳಿಸಿದರೆ ಅದು ಮುರಿಯುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು. ಇದನ್ನೇ ಲೋಹದ ದಣಿವು ಎನ್ನುತ್ತಾರೆ.

ಮುಂದೆ ಸ್ವೀಡನ್ನಿನ ಎಂಜಿನಿಯರ್ ವಲೋಡಿ ವೈಬುಲ್ ಈ ವಿಚಾರಕ್ಕೆ ಸಂಖ್ಯಾಶಾಸ್ತ್ರದ ರೂಪ ಕೊಟ್ಟರು. 1951ರಲ್ಲಿ ಪ್ರಕಟವಾದ ಅವರ ಪ್ರಸಿದ್ಧ ಪ್ರಬಂಧ ವಾದವನ್ನು ಕಟ್ಟುವುದು ಸರಪಳಿಯ ಉದಾಹರಣೆಯಿಂದಲೇ. ಇಂದು ವೈಬುಲ್ ಹಂಚಿಕೆ ಎಂದು ಹೆಸರಾಗಿರುವ ಅವರ ಸೂತ್ರದಲ್ಲಿ ಒಂದು ಅಂಕಿ ಬಹಳ ಮುಖ್ಯ. ಅದು 1ಕ್ಕಿಂತ ಕಡಿಮೆ ಇದ್ದರೆ ಭಾಗ ಹೊಸದಾಗಿರುವಾಗಲೇ ಹೆಚ್ಚು ಕೆಡುತ್ತದೆ, ಅಂದರೆ ತಯಾರಿಕೆಯ ದೋಷ ಇದೆ ಎಂದರ್ಥ. ಅದು 1 ಆಗಿದ್ದರೆ ವಯಸ್ಸಿಗೂ ಕೆಡುವುದಕ್ಕೂ ಸಂಬಂಧವಿಲ್ಲ. 1ಕ್ಕಿಂತ ಹೆಚ್ಚಾದರೆ ವಯಸ್ಸಾದಂತೆ ಅಪಾಯ ಏರುತ್ತದೆ. ಇದು ಸವೆತದ ಗುರುತು. ಮೂರೂ ಘಟ್ಟಗಳನ್ನು ಒಂದೇ ನಕ್ಷೆಯಲ್ಲಿ ಬರೆದರೆ ಎರಡು ಬದಿ ಎತ್ತರವಾಗಿ ನಡುವೆ ತಗ್ಗಾದ ಸ್ನಾನದ ತೊಟ್ಟಿಯ ಆಕಾರ ಸಿಗುತ್ತದೆ. ಎಳೆಯ ವಯಸ್ಸಿನ ದೋಷ, ನಡುವಯಸ್ಸಿನ ಆಕಸ್ಮಿಕ, ಮುಪ್ಪಿನ ಸವೆತ ಎಂದು ಅದನ್ನು ಓದಬಹುದು.

ವಿನ್ಯಾಸದ ಹಂತದಲ್ಲಿಯೇ ಆಯುಷ್ಯವನ್ನು ಕೊಳ್ಳುವ ಅಗ್ಗದ ದಾರಿಯೂ ಒಂದಿದೆ. ಬಾಲ್ ಬೇರಿಂಗ್‌ಗಳ ಆಯುಷ್ಯ ಹೊರೆಯ ಘನಕ್ಕೆ ವಿಲೋಮವಾಗಿರುತ್ತದೆ. ಅಂದರೆ ಹೊರೆಯನ್ನು ಅರ್ಧಕ್ಕೆ ಇಳಿಸಿದರೆ ಆಯುಷ್ಯ ಎಂಟು ಪಟ್ಟು ಹೆಚ್ಚುತ್ತದೆ. ಸ್ವಲ್ಪ ದೊಡ್ಡ ಬೇರಿಂಗ್‌ಗೆ ಮೊದಲೇ ಕೊಡುವ ಹೆಚ್ಚುವರಿ ಹಣ ಹಲವು ಬಾರಿ ಬದಲಾಯಿಸುವ ಖರ್ಚನ್ನು ಉಳಿಸಬಲ್ಲದು. ಬೇರಿಂಗ್ ಪಟ್ಟಿಗಳಲ್ಲಿ ನಮೂದಿಸುವ ಆಯುಷ್ಯವೂ ಸರಾಸರಿಯಲ್ಲ ಎಂಬುದನ್ನು ಗಮನಿಸಬೇಕು. ಅದು ನೂರರಲ್ಲಿ 90 ಬೇರಿಂಗ್‌ಗಳು ದಾಟುವ ಆಯುಷ್ಯ. ಉಳಿದ ಹತ್ತು ಅದಕ್ಕೂ ಮೊದಲೇ ಕೆಡುತ್ತವೆ ಎಂಬ ಒಪ್ಪಿಗೆ ಅದರಲ್ಲೇ ಅಡಗಿದೆ.

ಯಾವಾಗ ಬದಲಾಯಿಸಬೇಕು?

ಖರ್ಚಿನ ಪ್ರಶ್ನೆ ಏಳುವುದು ಇಲ್ಲಿಯೇ. ಚೆನ್ನಾಗಿರುವ ಭಾಗವನ್ನು ಬದಲಾಯಿಸುವುದು ದುಂದುವೆಚ್ಚ ಎಂದು ಲೆಕ್ಕಪತ್ರದವರು ಹೇಳುತ್ತಾರೆ. ಕೆಡುವವರೆಗೆ ಕಾಯುವುದು ಅಪಾಯ ಎಂದು ಎಂಜಿನಿಯರುಗಳು ಹೇಳುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಇವೆರಡರ ನಡುವಿನ ಸರಿಯಾದ ಜಾಗವನ್ನು ಲೆಕ್ಕ ಹಾಕಿ ಕಂಡುಹಿಡಿಯಬಹುದು. ರಿಚರ್ಡ್ ಬಾರ್ಲೋ ಮತ್ತು ಫ್ರಾಂಕ್ ಪ್ರೋಶನ್ 1965ರಲ್ಲಿ ಪ್ರಕಟಿಸಿದ ವಿಶ್ವಾಸಾರ್ಹತೆಯ ಗಣಿತಗ್ರಂಥದ ನಂತರ ಈ ಲೆಕ್ಕ ಪಠ್ಯಪುಸ್ತಕಗಳ ಭಾಗವಾಗಿದೆ.

ಒಂದು ಉದಾಹರಣೆ ನೋಡಬಹುದು. ಒಂದು ಭಾಗವನ್ನು ಯೋಜಿತವಾಗಿ, ಬಿಡುವಿನ ವೇಳೆಯಲ್ಲಿ ಬದಲಾಯಿಸಲು ರೂ 10,000 ಬೇಕು. ಅದೇ ಭಾಗ ಕೆಲಸದ ನಡುವೆ ಮುರಿದರೆ ನಷ್ಟವೂ ಸೇರಿ ರೂ 1 ಲಕ್ಷ ತಗಲುತ್ತದೆ. ಭಾಗದ ಸರಾಸರಿ ಆಯುಷ್ಯ ಸುಮಾರು 9 ವರ್ಷ, ಮತ್ತು ವಯಸ್ಸಾದಂತೆ ಮುರಿಯುವ ಅಪಾಯ ತೀವ್ರವಾಗಿ ಏರುತ್ತದೆ. ವೈಬುಲ್ ಸೂತ್ರದ ಆ ಮುಖ್ಯ ಅಂಕಿ ಇಲ್ಲಿ 3 ಎಂದು ಇಟ್ಟುಕೊಂಡರೆ ವರ್ಷಕ್ಕೆ ತಗಲುವ ಸರಾಸರಿ ಖರ್ಚು ಹೀಗಿರುತ್ತದೆ:

- ಪ್ರತಿ ವರ್ಷ ಬದಲಾಯಿಸಿದರೆ: ಸುಮಾರು ರೂ 10,100
- 2 ವರ್ಷಕ್ಕೊಮ್ಮೆ ಬದಲಾಯಿಸಿದರೆ: ಸುಮಾರು ರೂ 5,400
- 4 ವರ್ಷಕ್ಕೊಮ್ಮೆ ಬದಲಾಯಿಸಿದರೆ: ಸುಮಾರು ರೂ 4,000
- 6 ವರ್ಷಕ್ಕೊಮ್ಮೆ ಬದಲಾಯಿಸಿದರೆ: ಸುಮಾರು ರೂ 4,800
- ಮುರಿಯುವವರೆಗೆ ಬಿಟ್ಟರೆ: ಸುಮಾರು ರೂ 11,200

ಈ ಪಟ್ಟಿಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಅತಿಯಾದ ಎಚ್ಚರಿಕೆ ಮತ್ತು ಪೂರ್ಣ ಅಲಕ್ಷ್ಯ ಎರಡೂ ಹೆಚ್ಚು ಕಡಿಮೆ ಒಂದೇ ಬೆಲೆಗೆ ಬರುತ್ತವೆ. ಇನ್ನೊಂದು, ಅತ್ಯಂತ ಅಗ್ಗದ ದಾರಿಯೆಂದರೆ ಸರಾಸರಿ ಆಯುಷ್ಯದ ಅರ್ಧ ಕಳೆಯುವ ಮೊದಲೇ, ನೋಡಲು ಇನ್ನೂ ಗಟ್ಟಿಯಾಗಿಯೇ ಇರುವ ಭಾಗವನ್ನು ತೆಗೆದುಹಾಕುವುದು. ಮುರಿದಾಗಿನ ನಷ್ಟ ಹೆಚ್ಚಾದಷ್ಟೂ ಈ ಅವಧಿ ಇನ್ನಷ್ಟು ಹಿಂದೆ ಸರಿಯುತ್ತದೆ. ಗೇಟಿನ ಸರಪಳಿಯ ವಿಷಯದಲ್ಲಿ ನಷ್ಟವೆಂದರೆ ಸರಪಳಿಯ ಬೆಲೆಯಲ್ಲ. ಹರಿದುಹೋದ ನೀರು, ಒಣಗಿದ ಬೆಳೆ, ನದಿಯ ಕೆಳಪಾತ್ರದ ಊರುಗಳ ಆತಂಕ.

ಎಲ್ಲವೂ ಮುಪ್ಪಿನಿಂದ ಕೆಡುವುದಿಲ್ಲ

ಹಾಗೆಂದು ಎಲ್ಲ ಭಾಗಗಳನ್ನೂ ಕ್ಯಾಲೆಂಡರ್ ನೋಡಿ ಬದಲಾಯಿಸುವುದು ಸರಿಯಲ್ಲ. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ಸ್ಟ್ಯಾನ್ಲಿ ನೋಲನ್ ಮತ್ತು ಹೋವರ್ಡ್ ಹೀಪ್ 1978ರಲ್ಲಿ ಸಲ್ಲಿಸಿದ ವರದಿ ಈ ವಿಷಯದಲ್ಲಿ ಒಂದು ಮೈಲಿಗಲ್ಲು. ವಿಮಾನದ ಬಿಡಿಭಾಗಗಳ ದಾಖಲೆ ಪರಿಶೀಲಿಸಿದಾಗ ವಯಸ್ಸಿಗೆ ತಕ್ಕಂತೆ ಬದಲಾಯಿಸುವುದರಿಂದ ಪ್ರಯೋಜನವಾಗಬಹುದಾದ ಭಾಗಗಳು ಶೇ 11 ಮಾತ್ರ ಎಂದು ಅವರು ಕಂಡುಕೊಂಡರು. ಉಳಿದ ಶೇ 89ರಷ್ಟು ಭಾಗಗಳಲ್ಲಿ ವಯಸ್ಸಿಗೂ ಕೆಡುವುದಕ್ಕೂ ಅಂಥ ನಂಟು ಕಾಣಲಿಲ್ಲ. ಅನೇಕ ಭಾಗಗಳು ಕೆಡುವ ಸಾಧ್ಯತೆ ಹೆಚ್ಚಿದ್ದುದು ಹೊಸದಾಗಿ ಜೋಡಿಸಿದ ಮೊದಲ ದಿನಗಳಲ್ಲಿ. ಅಂಥವನ್ನು ಪದೇ ಪದೇ ಬಿಚ್ಚಿ ಬದಲಾಯಿಸುವುದೆಂದರೆ ಅಪಾಯವನ್ನು ಹಣ ಕೊಟ್ಟು ತಂದಂತೆ.

ಆದ್ದರಿಂದ ಭಾಗಗಳನ್ನು ಮೂರು ಗುಂಪು ಮಾಡುವುದು ಇಂದಿನ ರೂಢಿ. ಸರಪಳಿ, ಹಗ್ಗ, ಬೇರಿಂಗ್, ಟೈರಿನಂತೆ ಉಜ್ಜಿ ಅಥವಾ ದಣಿದು ಸವೆಯುವ ಭಾಗಗಳನ್ನು ಅಳತೆ ಮಾಡಿ, ಮಿತಿ ದಾಟುವ ಮೊದಲು ಬದಲಾಯಿಸಬೇಕು. ಎಲೆಕ್ಟ್ರಾನಿಕ್ ಭಾಗಗಳಂತೆ ಮುನ್ಸೂಚನೆಯಿಲ್ಲದೆ ಕೆಡುವವಕ್ಕೆ ಜೊತೆಯಲ್ಲೊಂದು ಮೀಸಲು ಇಡಬೇಕು. ಕೆಟ್ಟರೂ ಹಾನಿಯಾಗದ ದೀಪದ ಬಲ್ಬಿನಂಥವನ್ನು ಕೆಡುವವರೆಗೆ ಬಳಸಬಹುದು. ಯಾವ ಭಾಗ ಯಾವ ಗುಂಪಿಗೆ ಸೇರಿದ್ದು ಎಂದು ತಿಳಿಯದೆ ಮಾಡುವ ನಿರ್ವಹಣೆ ಹಣವನ್ನೂ ಉಳಿಸದು, ಜೀವವನ್ನೂ ಉಳಿಸದು.

ಕಣ್ಣಿಗೆ ಕಾಣದ ಬಿರುಕು

ಅಳತೆ ಮಾಡಬೇಕಾದರೆ ಸವೆತ ಕಾಣುವಂತಿರಬೇಕು. 1967ರ ಡಿಸೆಂಬರ್ 15ರಂದು ಅಮೆರಿಕದ ಒಹಾಯೊ ನದಿಯ ಮೇಲಿದ್ದ ಸಿಲ್ವರ್ ಸೇತುವೆ ಸಂಜೆಯ ವಾಹನ ದಟ್ಟಣೆಯ ಹೊತ್ತಿನಲ್ಲಿ ಕುಸಿದು 46 ಮಂದಿ ಸತ್ತರು. 1928ರಲ್ಲಿ ತೆರೆದ ಈ ಸೇತುವೆ ಉಕ್ಕಿನ ಹಗ್ಗಗಳ ಬದಲು ಉಕ್ಕಿನ ಪಟ್ಟಿಗಳ ಸರಪಳಿಯಿಂದ ತೂಗುತ್ತಿತ್ತು. ಸರಪಳಿಯ ಪ್ರತಿ ಕೊಂಡಿಯಲ್ಲೂ ಕೇವಲ ಎರಡು ಪಟ್ಟಿಗಳು. ಅವುಗಳಲ್ಲಿ ಒಂದರ ಪಿನ್ನಿನ ರಂಧ್ರದ ಅಂಚಿನಲ್ಲಿ ತುಕ್ಕು ಮತ್ತು ಒತ್ತಡ ಸೇರಿ ಸುಮಾರು 2.5 ಮಿಲಿಮೀಟರ್ ಆಳದ ಬಿರುಕು ಬೆಳೆದಿತ್ತು. ಆ ಪಟ್ಟಿ ಮುರಿದೊಡನೆ ಜೊತೆಯ ಪಟ್ಟಿ ಪಿನ್ನಿನಿಂದ ಜಾರಿತು. ಸರಪಳಿ ಬಿಡಿಸಿಕೊಂಡು ಇಡೀ ಸೇತುವೆ ನದಿಗೆ ಬಿತ್ತು.

ತನಿಖೆಯಲ್ಲಿ ಹೊರಬಂದ ಮುಖ್ಯ ಸಂಗತಿಯೆಂದರೆ, ಜೋಡಣೆಯನ್ನು ಬಿಚ್ಚದೆ ಆ ಬಿರುಕನ್ನು ನೋಡುವ ವಿಧಾನವೇ ಅಂದು ಇರಲಿಲ್ಲ. ಬಿಚ್ಚಿದರೆ ಸೇತುವೆಯೇ ನಿಲ್ಲದು. ಎಷ್ಟೇ ಶ್ರದ್ಧೆಯ ಪರಿಶೀಲಕನಿದ್ದರೂ ಅದು ಕಾಣುತ್ತಿರಲಿಲ್ಲ. ಈ ದುರಂತದ ನಂತರ ಅಮೆರಿಕದಲ್ಲಿ ಸೇತುವೆಗಳ ನಿಯತ ಪರಿಶೀಲನೆಗೆ ರಾಷ್ಟ್ರಮಟ್ಟದ ನಿಯಮಗಳು ಬಂದವು.

ನೋಡಲಾಗದ ಕಡೆ ಸವೆಯುವ ಭಾಗ ಇಡಬಾರದು ಎಂಬ ನೀತಿಯನ್ನು ನಿತ್ಯ ಜೀವನದಲ್ಲೂ ಕಾಣಬಹುದು. ಕಾರಿನ ಟೈರಿನ ಗೆರೆಗಳ ನಡುವೆ 1.6 ಮಿಲಿಮೀಟರ್ ಎತ್ತರದ ಸಣ್ಣ ದಿಣ್ಣೆಗಳಿರುತ್ತವೆ. ಟೈರು ಆ ಮಟ್ಟಕ್ಕೆ ಸವೆದಾಗ ಬದಲಾಯಿಸುವ ಕಾಲ ಬಂದಿದೆ ಎಂದರ್ಥ. ಹಲವು ಕಾರುಗಳ ಬ್ರೇಕ್ ಪ್ಯಾಡ್‌ನಲ್ಲಿ ತೆಳುವಾದ ಲೋಹದ ನಾಲಗೆಯೊಂದಿರುತ್ತದೆ. ಪ್ಯಾಡ್ ಸವೆದೊಡನೆ ಅದು ಡಿಸ್ಕಿಗೆ ತಾಗಿ ಕೀರಲು ಶಬ್ದ ಮಾಡುತ್ತದೆ. ಕೆಲವೇ ರೂಪಾಯಿಗಳ ಈ ನಾಲಗೆ ಸವೆತಕ್ಕೆ ಮಾತು ಕೊಟ್ಟಿದೆ.

ಜೋಡಿ ಇದ್ದರೆ ಸಾಕೇ?

ಭರವಸೆ ಹೆಚ್ಚಿಸುವ ಇನ್ನೊಂದು ದಾರಿ ಮೀಸಲು ಜೋಡಣೆ. ಶೇ 90ರಷ್ಟು ಭರವಸೆಯ ಎರಡು ಪಂಪುಗಳಲ್ಲಿ ಒಂದು ನಡೆದರೂ ಸಾಕು ಎಂದಾದರೆ ಒಟ್ಟು ಭರವಸೆ ಶೇ 99ಕ್ಕೆ ಏರುತ್ತದೆ. ಹಲವು ಮಹಡಿಯ ಕಟ್ಟಡದ ಲಿಫ್ಟುಗಳು ಒಂದೇ ಹಗ್ಗದ ಬದಲು ಹಲವು ಉಕ್ಕಿನ ಹಗ್ಗಗಳಿಂದ ತೂಗುವುದು ಇದೇ ಕಾರಣಕ್ಕೆ. ಒಂದೊಂದು ಹಗ್ಗವೂ ಹತ್ತಾರು ತಂತಿಗಳ ಹೆಣಿಗೆ. ಕೆಲವು ತಂತಿ ತುಂಡಾದುದು ಕಂಡರೆ ಅದೇ ಎಚ್ಚರಿಕೆಯ ಗಂಟೆ. ಸರಪಳಿಗೂ ಹೆಣೆದ ಹಗ್ಗಕ್ಕೂ ಇರುವ ವ್ಯತ್ಯಾಸ ಇದು: ಹಗ್ಗ ಸಾಯುವ ಮೊದಲು ಹೇಳುತ್ತದೆ, ಸರಪಳಿ ಹೇಳುವುದು ವಿರಳ.

ಆದರೆ ಮೀಸಲಿನ ಲೆಕ್ಕ ನಿಜವಾಗುವುದು ಎರಡೂ ಭಾಗಗಳು ಬೇರೆ ಬೇರೆ ಕಾರಣಕ್ಕೆ ಕೆಡುವುದಾದರೆ ಮಾತ್ರ. 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ಅಣು ವಿದ್ಯುತ್ ಸ್ಥಾವರದಲ್ಲಿ ತುರ್ತು ಜನರೇಟರುಗಳು ಹಲವಿದ್ದವು. ಸುನಾಮಿಯ ಒಂದೇ ಅಲೆ ಅವುಗಳಲ್ಲಿ ಬಹುತೇಕ ಎಲ್ಲವನ್ನೂ ನಿಲ್ಲಿಸಿತು. ಸವೆತದಲ್ಲೂ ಹೀಗೆಯೇ. ಒಂದೇ ವರ್ಷ, ಒಂದೇ ಉಕ್ಕಿನಿಂದ ಮಾಡಿ, ಒಂದೇ ನೀರಿನಲ್ಲಿ ಏಳು ದಶಕ ನಿಂತ ಗೇಟುಗಳಿಗೆ ಮುಪ್ಪು ಒಟ್ಟಿಗೇ ಬರುತ್ತದೆ. ಒಂದು ಕೈಕೊಟ್ಟಿತೆಂದರೆ ಅದು ಉಳಿದ 32ರ ಬಗ್ಗೆಯೂ ಸುದ್ದಿಯೇ. ತುಂಗಭದ್ರೆಯ ಘಟನೆಯ ನಂತರ ತಜ್ಞರು 19ನೇ ಗೇಟನ್ನಷ್ಟೇ ಅಲ್ಲದೆ ಎಲ್ಲ 33 ಗೇಟುಗಳನ್ನೂ ಬದಲಾಯಿಸಬೇಕೆಂದು ಸಲಹೆ ನೀಡಿದ್ದರ ಹಿಂದಿನ ತರ್ಕ ಇದೇ.

ಇಂಥ ಘಟನೆ ಬೇರೆಡೆಯೂ ನಡೆದಿದೆ. 2022ರ ಸೆಪ್ಟೆಂಬರ್‌ನಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯ, ತಮಿಳುನಾಡು ನಿರ್ವಹಿಸುವ ಪರಂಬಿಕುಳಂ ಅಣೆಕಟ್ಟೆಯಲ್ಲಿ ಪ್ರತಿಭಾರದ ಸರಪಳಿ ತುಂಡಾಗಿ ನಡುವಿನ ಗೇಟು ಕಿತ್ತುಹೋಯಿತು. 1995ರ ಜುಲೈ 17ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಫಾಲ್ಸಂ ಅಣೆಕಟ್ಟೆಯ ಒಂದು ಗೇಟು ಎತ್ತುವಾಗಲೇ ಮುರಿದು, ಜಲಾಶಯದ ಸುಮಾರು ಶೇ 40ರಷ್ಟು ನೀರು ಹರಿದುಹೋಯಿತು. ಅಲ್ಲಿ ಸವೆದದ್ದು ಸರಪಳಿಯಲ್ಲ. ಗೇಟು ತಿರುಗುವ ಅಚ್ಚಿನಲ್ಲಿ ತುಕ್ಕು ಸೇರಿ ವರ್ಷದಿಂದ ವರ್ಷಕ್ಕೆ ಘರ್ಷಣೆ ಹೆಚ್ಚಿತ್ತು. ಮೂಲ ವಿನ್ಯಾಸದ ಲೆಕ್ಕದಲ್ಲಿ ಆ ಘರ್ಷಣೆಯನ್ನು ಪರಿಗಣಿಸಿರಲಿಲ್ಲ. ಹೊಸ ಯಂತ್ರಕ್ಕಷ್ಟೇ ಲೆಕ್ಕ ಹಾಕಿ, ಹಳೆಯ ಯಂತ್ರಕ್ಕೆ ಹಾಕದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ನೇರ ನಿದರ್ಶನ.

ಬದಲಾಯಿಸಲು ದಾರಿ ಇರಬೇಕು

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಯಾವ ಭಾಗವನ್ನು ಯಾವಾಗ ಬದಲಾಯಿಸಬೇಕೆಂದು ಗೊತ್ತಿದ್ದರೂ, ವ್ಯವಸ್ಥೆ ನಡೆಯುತ್ತಿರುವಾಗಲೇ ಬದಲಾಯಿಸುವ ದಾರಿ ಇಲ್ಲದಿದ್ದರೆ ಆ ತಿಳಿವಳಿಕೆ ಉಪಯೋಗಕ್ಕೆ ಬಾರದು. ಅಣೆಕಟ್ಟೆಗಳಲ್ಲಿ ಇದಕ್ಕೆಂದೇ ಸ್ಟಾಪ್‌ಲಾಗ್ ಎಂಬ ಏರ್ಪಾಡು ಇದೆ. ಗೇಟಿನ ಮುಂದೆ ಗೋಡೆಯಲ್ಲಿ ಕೊರೆದ ಕಾಲುವೆಯಂಥ ಸಂದಿಗೆ ಉಕ್ಕಿನ ತೊಲೆಗಳನ್ನು ಒಂದರ ಮೇಲೊಂದು ಇಳಿಸಿ ತಾತ್ಕಾಲಿಕ ತಡೆ ಕಟ್ಟಬಹುದು. ಜಲಾಶಯ ತುಂಬಿರುವಾಗಲೂ ಹಿಂದಿನ ಗೇಟನ್ನು ಬಿಚ್ಚಿ ದುರಸ್ತಿ ಮಾಡಬಹುದು. ಒಂದು ಜೊತೆ ತೊಲೆಗಳು ಎಷ್ಟೋ ಗೇಟುಗಳಿಗೆ ಸರದಿಯಂತೆ ಒದಗುತ್ತವೆ. ಆದ್ದರಿಂದ ಅಣೆಕಟ್ಟೆಯ ಒಟ್ಟು ಖರ್ಚಿನಲ್ಲಿ ಇದರ ಪಾಲು ಅಲ್ಪ.

ತುಂಗಭದ್ರಾ ಅಣೆಕಟ್ಟೆಯ ಮೂಲ ವಿನ್ಯಾಸದಲ್ಲಿ ಸ್ಟಾಪ್‌ಲಾಗ್ ಏರ್ಪಾಡು ಇರಲಿಲ್ಲ. ಆದ್ದರಿಂದ 19ನೇ ಗೇಟು ಹೋದಾಗ ಮೊದಲು ಹೊಳೆದದ್ದು ನೀರನ್ನು ಗೇಟಿನ ತಳಮಟ್ಟದವರೆಗೆ ಖಾಲಿ ಮಾಡಿ ಕೆಲಸ ಶುರುಮಾಡುವ ಯೋಚನೆ. ಅದರ ಬದಲು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆ ಇಳಿಸುವ ಸಾಹಸ ನಡೆಯಿತು. ಹೊಸಪೇಟೆ ಮತ್ತು ಸುತ್ತಲಿನ ಕಾರ್ಖಾನೆಗಳಲ್ಲಿ ದಿನರಾತ್ರಿ ತಯಾರಾದ ಉಕ್ಕಿನ ಐದು ತುಂಡುಗಳನ್ನು ಆಗಸ್ಟ್ 16 ಮತ್ತು 17ರಂದು ಕ್ರೇನ್‌ಗಳಿಂದ ಇಳಿಸಿ ಕೂಡಿಸಲಾಯಿತು. ಒಂದು ವಾರದೊಳಗೆ ಸೋರಿಕೆ ನಿಂತಿತು. ಸೆಪ್ಟೆಂಬರ್‌ನ ಮಳೆ ಕೈ ಹಿಡಿದು ಜಲಾಶಯ ಮತ್ತೆ ತುಂಬಿಕೊಂಡಿತು.

ಕಾರ್ಮಿಕರ ಧೈರ್ಯ, ಎಂಜಿನಿಯರುಗಳ ಜಾಣ್ಮೆ ಎರಡೂ ಮೆಚ್ಚತಕ್ಕವು. ಆದರೆ ವಿಶ್ವಾಸಾರ್ಹತೆಯ ಶಾಸ್ತ್ರ ಇಂಥ ಸಾಹಸವನ್ನು ಯಶಸ್ಸೆಂದು ಲೆಕ್ಕಿಸುವುದಿಲ್ಲ. ಸಾಹಸವೇ ಬೇಕಾಗದ ಸ್ಥಿತಿಯನ್ನು ಅದು ಯಶಸ್ಸೆನ್ನುತ್ತದೆ. ಬದಲಾಯಿಸುವ ದಾರಿಯನ್ನು ಮೊದಲೇ ಕಟ್ಟಿಡದಿದ್ದರ ಬೆಲೆ ಮುಂದೆಯೂ ತೆರಬೇಕಾಯಿತು. 2025ರ ಮುಂಗಾರಿನಲ್ಲಿ ಸುರಕ್ಷತೆಯ ದೃಷ್ಟಿಯಿಂದ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಿಗೊಳಿಸಲಾಯಿತು. ಆ ವರ್ಷದ ಕೊನೆಯಲ್ಲಿ ಗೇಟುಗಳ ಬದಲಾವಣೆಗಾಗಿ ಎರಡನೇ ಬೆಳೆಗೆ ನೀರು ಬಿಡದಿರಲು ತೀರ್ಮಾನಿಸಲಾಯಿತು. ಗೇಟುಗಳ ಬೆಲೆ ಸರ್ಕಾರಿ ಕಡತದಲ್ಲಿ ದಾಖಲಾಗುತ್ತದೆ. ಬಿತ್ತದ ಬೆಳೆಯ ಬೆಲೆ ರೈತನ ಮನೆಯಲ್ಲಿ ದಾಖಲಾಗುತ್ತದೆ. ವ್ಯವಸ್ಥೆಯ ನಿಜವಾದ ಖರ್ಚು ಎರಡನ್ನೂ ಕೂಡಿಸಿದಾಗಲೇ ತಿಳಿಯುವುದು.

ನಿರ್ವಹಣೆಯೂ ವಿನ್ಯಾಸವೇ

2021ರ ಅಣೆಕಟ್ಟೆ ಸುರಕ್ಷತಾ ಕಾಯಿದೆಯು ನಿಗದಿತ ಅಳತೆಯ ಅಣೆಕಟ್ಟೆಗಳನ್ನು ಮಳೆಗಾಲದ ಮೊದಲು ಮತ್ತು ನಂತರ ಪರಿಶೀಲಿಸಬೇಕೆಂದು ಹೇಳುತ್ತದೆ. ಕಾಯಿದೆ ಜಾರಿಗೆ ಬಂದ ಐದು ವರ್ಷದೊಳಗೆ ಸ್ವತಂತ್ರ ತಜ್ಞರಿಂದ ಸಮಗ್ರ ಸುರಕ್ಷತಾ ಮೌಲ್ಯಮಾಪನ ನಡೆಯಬೇಕೆಂದೂ ಅದು ವಿಧಿಸುತ್ತದೆ. ಇದು ಅಗತ್ಯವಾದ ಹೆಜ್ಜೆ. ಆದರೆ ಪರಿಶೀಲನೆಯೆಂದರೆ ನಡೆದುಹೋಗಿ ನೋಡಿ ಬರುವುದಲ್ಲ. ಕೊಂಡಿಯ ದಪ್ಪ ಕಳೆದ ವರ್ಷ ಎಷ್ಟಿತ್ತು, ಈ ವರ್ಷ ಎಷ್ಟಿದೆ, ಯಾವ ಮಿತಿಗೆ ಬಂದಾಗ ತೆಗೆಯಬೇಕು ಎಂಬ ಮೂರು ಅಂಕಿಗಳಿಲ್ಲದ ವರದಿಯಿಂದ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಲಾಗದು. ಧ್ವನಿತರಂಗಗಳಿಂದ ಲೋಹದೊಳಗಿನ ಬಿರುಕು ಪತ್ತೆ ಮಾಡುವ ಉಪಕರಣಗಳು ಇಂದು ಸುಲಭವಾಗಿ ದೊರೆಯುತ್ತವೆ. ಕೊರತೆಯಿರುವುದು ಅಳೆದು, ಬರೆದಿಟ್ಟು, ಹೋಲಿಸುವ ಶಿಸ್ತಿಗೆ.

ಹೊಸ ಯೋಜನೆಗಳ ಟೆಂಡರುಗಳಲ್ಲಿ ಕಟ್ಟುವ ಖರ್ಚಿಗೆ ಇರುವ ಗಮನ ಮುಂದಿನ ಐವತ್ತು ವರ್ಷ ನಡೆಸುವ ಖರ್ಚಿಗೆ ಇರುವುದು ಅಪರೂಪ. ಅತಿ ಕಡಿಮೆ ಬೆಲೆಗೆ ಕಟ್ಟಿದ ವ್ಯವಸ್ಥೆ ಅತಿ ಅಗ್ಗದ ವ್ಯವಸ್ಥೆಯಾಗಬೇಕೆಂದಿಲ್ಲ. ಮೇಲಿನ ಪಟ್ಟಿಯ ಲೆಕ್ಕ ಹೇಳುವಂತೆ, ಮೊದಲೇ ಖರ್ಚು ಮಾಡಿದ ರೂ 10,000 ಆಮೇಲೆ ಬರಬಹುದಾದ ರೂ 1 ಲಕ್ಷವನ್ನು ಉಳಿಸುತ್ತದೆ. ಆದರೆ ಉಳಿದ ಹಣ ಯಾರ ಕಣ್ಣಿಗೂ ಕಾಣುವುದಿಲ್ಲ, ನಡೆಯದ ಅಪಘಾತಕ್ಕೆ ಉದ್ಘಾಟನಾ ಸಮಾರಂಭವೂ ಇರುವುದಿಲ್ಲ. ನಿರ್ವಹಣೆಯ ಹಣವೇ ಮೊದಲು ಕಡಿತವಾಗಲು ಇದೂ ಒಂದು ಕಾರಣ.

ಸವೆತವನ್ನು ತಡೆಯಲಾಗದು. ಅದು ಎಲ್ಲಿ ಆಗಬೇಕು, ಯಾರ ಕಣ್ಣಿಗೆ ಬೀಳಬೇಕು, ಯಾವಾಗ ಮುಗಿಯಬೇಕು ಎಂಬುದನ್ನು ಮಾತ್ರ ನಿರ್ಧರಿಸಬಹುದು. ಆ ನಿರ್ಧಾರ ಕಟ್ಟುವ ದಿನವೇ ಆಗಬೇಕು. ಆಗದಿದ್ದರೆ, ನಿರ್ಧರಿಸುವ ಸರದಿ ಸರಪಳಿಯದಾಗುತ್ತದೆ.